22 ವರ್ಷದ ಮಗಳು ಸ್ಕಾಟ್ಲೆಂಡಿನಲ್ಲಿ ಬಾಡಿಗೆ ಕಾರು ಓಡಿಸಬಹುದೇ? ಧಾರವಾಡದಿಂದ ಒಂದು ಪ್ರಶ್ನೆ

ಸಪ್ತಾಪುರದ ಅಮ್ಮ · ಅಕ್ಟೋಬರ್ 5

ಎಲ್ಲರಿಗೂ ನಮಸ್ಕಾರ. ಮಗ ಎಡಿನ್‌ಬರೋದಲ್ಲಿ ಒಂದು ವರ್ಷದ ಎಂ.ಎಸ್‌ಸಿ. ಮುಗಿಸಿದ್ದಾನೆ. ನವೆಂಬರ್ ಕೊನೆಯಲ್ಲಿ ಘಟಿಕೋತ್ಸವ. ನಾನು, ಯಜಮಾನರು, ಮಗಳು ಮೂವರೂ ಹೊರಟಿದ್ದೇವೆ. ವೀಸಾ ಬಂದಿದೆ, ಟಿಕೆಟ್ ಆಗಿದೆ. ಸಮಾರಂಭ ಮುಗಿದ ಮೇಲೆ ಒಂದು ವಾರ ಕಾರು ಬಾಡಿಗೆಗೆ ತೆಗೆದುಕೊಂಡು ಹೈಲ್ಯಾಂಡ್ಸ್, ಸ್ಕೈ ದ್ವೀಪ ಸುತ್ತಿ ಬರಬೇಕೆಂದು ಮಕ್ಕಳ ಆಸೆ. ನನ್ನ ಆಸೆಯೂ ಹೌದು.

ತೊಡಕು ಇರುವುದು ಯಾರು ಓಡಿಸಬೇಕು ಎಂಬುದರಲ್ಲಿ. ಯಜಮಾನರಿಗೆ 58. ಮೂವತ್ತು ವರ್ಷದಿಂದ ಕಾರು ಓಡಿಸುತ್ತಿದ್ದಾರೆ, ಆದರೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಕತ್ತಲಾದರೆ ಎದುರಿನ ಗಾಡಿಯ ಬೆಳಕು ಹರಡಿದಂತೆ ಕಾಣುತ್ತದೆ ಎನ್ನುತ್ತಾರೆ. ಸಂಜೆಯ ಮೇಲೆ ಸ್ಟೀರಿಂಗ್ ಮುಟ್ಟುವುದಿಲ್ಲ. ಮಗನಿಗೆ 24, ಲೈಸೆನ್ಸ್ ಇದೆ, ಓಡಿಸಿ ಒಂದೂವರೆ ವರ್ಷವಾಯಿತು. ಮಗಳಿಗೆ 22. ಹತ್ತೊಂಬತ್ತಕ್ಕೇ ಧಾರವಾಡದ ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸ್ ಪಡೆದಳು. ಈಗ ದಿನವೂ ಹುಬ್ಬಳ್ಳಿಗೆ ಕೆಲಸಕ್ಕೆ ತಾನೇ ಓಡಿಸಿಕೊಂಡು ಹೋಗಿ ಬರುತ್ತಾಳೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸಮಾಧಾನದಿಂದ ಓಡಿಸುವವಳು ಅವಳೇ.

ಆದರೆ ಅಂತರ್ಜಾಲದಲ್ಲಿ ನೋಡಿದರೆ ಕೆಲವು ಕಡೆ 23 ತುಂಬಿರಬೇಕು ಎಂದಿದೆ, ಕೆಲವು ಕಡೆ 25. ಇನ್ನು ಕೆಲವು ಕಡೆ 21 ಸಾಕು, ದಿನಕ್ಕೆ ಇಷ್ಟು ಹೆಚ್ಚು ಕೊಡಬೇಕು ಎಂದಿದೆ. ಪಕ್ಕದ ಮನೆಯವರು, "ಯಜಮಾನರ ಹೆಸರಿನಲ್ಲಿ ಕಾರು ತೆಗೆದುಕೊಳ್ಳಿ, ಹೊರಗೆ ಬಂದ ಮೇಲೆ ಮಗಳಿಗೆ ಕೊಡಿ, ಯಾರು ಕೇಳುತ್ತಾರೆ?" ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. ಅಲ್ಲಿ ಇದ್ದು ಬಂದವರು, ಓಡಿಸಿದವರು ದಯವಿಟ್ಟು ತಿಳಿಸಿ.

ವಿದ್ಯಾನಗರ, ಹುಬ್ಬಳ್ಳಿ · ಅಕ್ಟೋಬರ್ 5

ಅಕ್ಕನವರೇ, ನಿಮ್ಮ ಗಂಟಲು ಸರಿಯಾಗಿಯೇ ಹೇಳುತ್ತಿದೆ. ನಾನು ಏಳು ವರ್ಷ ಲೀಡ್ಸ್‌ನಲ್ಲಿದ್ದು ಬಂದವನು, ಮೊದಲು ಆ ಮಾತನ್ನೇ ಮುಗಿಸುತ್ತೇನೆ. ಬಾಡಿಗೆ ಕಾರಿನ ವಿಮೆ ಇರುವುದು ಒಪ್ಪಂದದ ಹಾಳೆಯಲ್ಲಿ ಹೆಸರಿರುವ ಚಾಲಕರಿಗೆ ಮಾತ್ರ. ಹೆಸರಿಲ್ಲದವರು ಓಡಿಸಿದರೆ ಆ ರಕ್ಷಣೆ ತಪ್ಪಿಹೋಗುತ್ತದೆ. ಬ್ರಿಟನ್ನಿನಲ್ಲಿ ವಿಮೆಯಿಲ್ಲದೆ ಓಡಿಸುವುದೇ ಅಪರಾಧ. ದಂಡ 300 ಪೌಂಡಿನಿಂದ ಶುರು, ಕಾರನ್ನು ಅಲ್ಲೇ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಸ್ಕೈ ದ್ವೀಪದ ನಡುವೆ ಚಳಿಯಲ್ಲಿ ಪೆಟ್ಟಿಗೆಗಳನ್ನು ಹಿಡಿದು ನಾಲ್ವರೂ ರಸ್ತೆಯಲ್ಲಿ ನಿಲ್ಲಬೇಕಾದೀತು.

ಈಗ ವಯಸ್ಸಿನ ವಿಷಯ. ದೇಶದ ಕಾನೂನು ಬೇರೆ, ಬಾಡಿಗೆ ಕಂಪನಿಯ ನಿಯಮ ಬೇರೆ. ಅಲ್ಲಿಯ ಕಾನೂನಿನಲ್ಲಿ 17 ತುಂಬಿದವರು ಕಾರು ಓಡಿಸಬಹುದು. ನಮ್ಮಿಂದ ಪ್ರವಾಸಕ್ಕೆ ಹೋದವರು ಭಾರತದ ಲೈಸೆನ್ಸಿನ ಮೇಲೆಯೇ 12 ತಿಂಗಳವರೆಗೆ ಓಡಿಸಬಹುದು. ಹಾಗಾಗಿ ಕಾನೂನಿನ ಕಡೆಯಿಂದ ನಿಮ್ಮ ಮಗಳಿಗೆ ಅಡ್ಡಿ ಇಲ್ಲ. ಅಡ್ಡಿ ಕಂಪನಿಯದ್ದು. 25 ತುಂಬದವರನ್ನು ಅವರು ಯುವ ಚಾಲಕರು ಎಂದೇ ಲೆಕ್ಕ ಹಾಕುತ್ತಾರೆ. ಕೆಲವರು ಕೊಡುವುದೇ ಇಲ್ಲ. ಕೊಡುವವರು ದಿನದ ಲೆಕ್ಕದಲ್ಲಿ ಯಂಗ್ ಡ್ರೈವರ್ ಸರ್‌ಚಾರ್ಜ್ ಎಂದು ಹೆಚ್ಚುವರಿ ಹಾಕುತ್ತಾರೆ. ಸಾಮಾನ್ಯವಾಗಿ ಚಿಕ್ಕ ಕಾರನ್ನೇ ಕೊಡುತ್ತಾರೆ, ದೊಡ್ಡ ಗಾಡಿ ಕೇಳಿದರೆ ಇಲ್ಲ ಎನ್ನುತ್ತಾರೆ. ಲೈಸೆನ್ಸ್ ಸಿಕ್ಕು ಒಂದು ವರ್ಷವಾದರೂ ಆಗಿರಬೇಕು ಎಂದು ಹಲವರು ಕೇಳುತ್ತಾರೆ, ಆ ವಿಷಯದಲ್ಲಿ ನಿಮ್ಮ ಮಗಳು ಪಾರು.

ಇನ್ನೊಂದು ಸೂಕ್ಷ್ಮ ಇದೆ. ಬುಕಿಂಗ್ ಪುಟದಲ್ಲಿ "ಚಾಲಕರ ವಯಸ್ಸು 30ರಿಂದ 65" ಎಂಬ ಚೌಕಕ್ಕೆ ಮೊದಲೇ ಸರಿ ಗುರುತು ಹಾಕಿರುತ್ತಾರೆ. ನಾವು ಕಣ್ಣಿಗೆ ಕಂಡ ಕಡಿಮೆ ಬೆಲೆ ನೋಡಿ ಹಣ ಕಟ್ಟಿಬಿಡುತ್ತೇವೆ. ಅಲ್ಲಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿದಾಗ ಬೆಲೆ ಒಂದೂವರೆ ಪಟ್ಟಾಗುತ್ತದೆ, ಇಲ್ಲವೇ ಕಾರೇ ಸಿಗುವುದಿಲ್ಲ. ಆ ಗುರುತು ತೆಗೆದು 22 ಎಂದೇ ತುಂಬಿ ಹುಡುಕಿ. ನಿಯಮವನ್ನು ಕಂಪನಿಯ ಹೆಸರು ನೋಡಿ ನಂಬಬೇಡಿ. ಕಾರು ಪಡೆಯುವ ಆ ಊರಿನ, ಆ ಶಾಖೆಯ ಷರತ್ತುಗಳನ್ನು ಓದಿ.

ಗದಗದ ಮುದ್ರಕ · ಅಕ್ಟೋಬರ್ 6

ಇದನ್ನು ಬರೆಯಲು ಮನಸ್ಸಿರಲಿಲ್ಲ. ಆದರೆ "ಯಾರು ಕೇಳುತ್ತಾರೆ" ಎಂಬ ಮಾತು ಓದಿದ ಮೇಲೆ ಸುಮ್ಮನಿರುವುದು ತಪ್ಪಾಗುತ್ತದೆ.

ಎರಡು ವರ್ಷದ ಹಿಂದೆ ಕೆಲಸದ ನಿಮಿತ್ತ ಜರ್ಮನಿಗೆ ಹೋಗಿದ್ದೆ. ಅಕ್ಕನ ಮಗ ಮ್ಯೂನಿಕ್‌ನಲ್ಲಿ ಓದುತ್ತಿದ್ದ, ಆಗ ಅವನಿಗೆ 20. ಎರಡು ದಿನಕ್ಕೆ ಕಾರು ತೆಗೆದುಕೊಂಡೆ, ನನ್ನ ಹೆಸರಿನಲ್ಲಿ ಮಾತ್ರ. ಅವನ ಹೆಸರು ಸೇರಿಸಲು ವಯಸ್ಸು ಸಾಲದು ಎಂದಿದ್ದರು. ಎರಡನೆಯ ದಿನ ಸಂಜೆ ನನಗೆ ಬಲಬದಿಯ ಸಂಚಾರದಲ್ಲಿ ಓಡಿಸಿ ತಲೆ ಭಾರವಾಗಿತ್ತು. ಪಾರ್ಕಿಂಗ್ ಕಟ್ಟಡದ ಒಳಗೇ ತಾನೆ, ನೀನೇ ಮೇಲಿನ ಮಹಡಿಗೆ ಏರಿಸು ಎಂದು ಕೀಲಿ ಕೊಟ್ಟೆ. ಇಳಿಜಾರು ತಿರುವಿನಲ್ಲಿ ಕಾಂಕ್ರೀಟ್ ಕಂಬ. ಸಪ್ಪಳ ದೊಡ್ಡದೇನಲ್ಲ, ತಗಡಿನ ಡಬ್ಬಿಯನ್ನು ನೆಲಕ್ಕೆ ಎಳೆದಂತೆ. ಇಳಿದು ನೋಡಿದರೆ ಹಿಂದಿನ ಬಾಗಿಲಿನಿಂದ ಚಕ್ರದವರೆಗೆ ತಗಡು ಒಳಗೆ ಹೋಗಿತ್ತು. ಕಂಬದ ಹಳದಿ ಬಣ್ಣ ಬಾಗಿಲಿಗೆ ಅಂಟಿತ್ತು. ಹುಡುಗ ಬೆರಳಿನಿಂದ ಆ ಹಳದಿಯನ್ನು ಒರೆಸುತ್ತಲೇ ಇದ್ದ.

ಕಾರು ಮರಳಿಸುವಾಗ ಒಂದು ನಮೂನೆ ಕೊಟ್ಟರು. ಮೂರನೆಯ ಸಾಲು: ಓಡಿಸುತ್ತಿದ್ದವರು ಯಾರು? ಇದ್ದದ್ದನ್ನೇ ಬರೆದೆ. ನಾನೇ ಓಡಿಸಿದ್ದರೆ ನನ್ನ ಪಾಲು ಸಾವಿರ ಯೂರೋಗೆ ನಿಲ್ಲುತ್ತಿತ್ತು. ಅವನು ಓಡಿಸಿದ್ದರಿಂದ ಆ ಮಿತಿ ಹೋಯಿತು, ದುರಸ್ತಿಯ ಪೂರ್ತಿ ಮೊತ್ತ ನನ್ನ ಕಾರ್ಡಿನಿಂದ ಹೋಯಿತು. 3,180 ಯೂರೋ. ಆಮೇಲೆ ತಿಳಿದದ್ದು ಇನ್ನೂ ಕೆಟ್ಟದ್ದು. ಜರ್ಮನಿಯಲ್ಲಿ ನೆಲೆಸಿದವರಿಗೆ ನಮ್ಮ ಲೈಸೆನ್ಸ್ ನಡೆಯುವುದು ಮೊದಲ ಆರು ತಿಂಗಳು ಮಾತ್ರ. ಅವನು ಅಲ್ಲಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಅದೇ ಜಾಗದಲ್ಲಿ ಕಂಬದ ಬದಲು ಒಬ್ಬ ಮನುಷ್ಯ ಇದ್ದಿದ್ದರೆ ಎಂಬ ಯೋಚನೆ ಇಂದಿಗೂ ರಾತ್ರಿ ಎಬ್ಬಿಸುತ್ತದೆ.

ಹಣದ ದುಃಖ ಆರು ತಿಂಗಳಲ್ಲಿ ಹೋಯಿತು. ಆದರೆ ಹುಡುಗ ಅಂದಿನಿಂದ ಕಾರು ಓಡಿಸಿಲ್ಲ. ಊರಿಗೆ ಬಂದಾಗಲೂ ಕೀಲಿ ಕೊಟ್ಟರೆ ಬೇಡ ಮಾಮಾ ಎನ್ನುತ್ತಾನೆ. ತಪ್ಪು ನನ್ನದು, ಕೀಲಿ ಕೊಟ್ಟದ್ದು ನಾನು. ಭಾರ ಮಾತ್ರ ಅವನ ಮೇಲೆ ಕುಳಿತಿದೆ. ಅಕ್ಕನವರೇ, ಮಗಳ ಹೆಸರು ಹಾಳೆಯ ಮೇಲೆ ಬರುವವರೆಗೆ ಕೀಲಿ ಅವಳ ಕೈಗೆ ಬೇಡ. ಪಾರ್ಕಿಂಗ್‌ನಲ್ಲೂ ಬೇಡ.

ಸಪ್ತಾಪುರದ ಅಮ್ಮ · ಅಕ್ಟೋಬರ್ 6

ಅಣ್ಣನವರೇ, ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಯಜಮಾನರಿಗೂ ಓದಿ ಹೇಳಿದೆ. ಪಕ್ಕದ ಮನೆಯ ಸಲಹೆ ಅಲ್ಲಿಗೆ ಮುಗಿಯಿತು.

ಆದರೆ ಆರು ತಿಂಗಳ ಮಾತು ಕೇಳಿ ಎದೆ ಧಸಕ್ ಎಂದಿತು. ನಮ್ಮ ಮಗ ಕಳೆದ ವರ್ಷ ಸೆಪ್ಟೆಂಬರ್ 8ಕ್ಕೆ ಅಲ್ಲಿಗೆ ಹೋದವನು. ಅವನ ಲೈಸೆನ್ಸ್?

ವಿದ್ಯಾನಗರ, ಹುಬ್ಬಳ್ಳಿ · ಅಕ್ಟೋಬರ್ 6

ನಡೆಯುವುದಿಲ್ಲ, ಅಕ್ಕನವರೇ. ಬ್ರಿಟನ್ನಿನಲ್ಲಿ ಓದಲು ನೆಲೆಸಿದವರಿಗೂ ಭಾರತದ ಲೈಸೆನ್ಸ್ 12 ತಿಂಗಳಷ್ಟೇ. ಅವನದ್ದು ಕಳೆದ ತಿಂಗಳಿಗೇ ಮುಗಿದಿದೆ. ಇನ್ನು ಅಲ್ಲಿಯ ಪ್ರೊವಿಷನಲ್ ಲೈಸೆನ್ಸ್, ಅಂದರೆ ಕಲಿಯುವವರ ಲೈಸೆನ್ಸ್, ತೆಗೆದುಕೊಂಡು, ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಬರೆದು ತೇರ್ಗಡೆಯಾಗಬೇಕು. ನಮ್ಮ ಲೈಸೆನ್ಸ್ ಕೊಟ್ಟು ಅವರದ್ದನ್ನು ಬದಲಿಗೆ ಪಡೆಯುವ ಸೌಲಭ್ಯ ಭಾರತಕ್ಕಿಲ್ಲ. ನೀವು ಮೂವರು ಪ್ರವಾಸಿಗಳು, ನಿಮ್ಮ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದೇ ಮನೆಯ ಅಣ್ಣ ತಂಗಿಯರಲ್ಲಿ ಅಲ್ಲಿ ವರ್ಷವಿಡೀ ಇದ್ದ ಅಣ್ಣ ಓಡಿಸುವಂತಿಲ್ಲ, ವಾರಕ್ಕೆಂದು ಹೋದ ತಂಗಿ ಓಡಿಸಬಹುದು. ಬಹಳ ಕುಟುಂಬಗಳು ಎಡವುವುದು ಇಲ್ಲಿಯೇ. ಅಲ್ಲೇ ಇರುವ ಮಗನಿಗೆ ರಸ್ತೆ ಗೊತ್ತು ಎಂದು ಅವನ ಕೈಗೇ ಕೊಡುತ್ತಾರೆ.

ಏಲಕ್ಕಿ ಹಾರ, ಹಾವೇರಿ · ಅಕ್ಟೋಬರ್ 7

ನಾನೇ ಆ ವಯಸ್ಸಿನವಳು, 23. ಹೋದ ವರ್ಷ ಆಸ್ಟ್ರೇಲಿಯಾದಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹತ್ತು ದಿನ ಓಡಿಸಿದ್ದೇನೆ. ಅಲ್ಲಿಯೂ 21ರಿಂದ ಕೊಡುತ್ತಾರೆ, 25ರವರೆಗೆ ದಿನದ ಶುಲ್ಕ ಇದೆ. ಎಲ್ಲ ಕಡೆಯೂ ಹೀಗೇ ಎಂದುಕೊಳ್ಳಬೇಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 18 ತುಂಬಿದವರಿಗೆ ಬರೀ ವಯಸ್ಸಿನ ಕಾರಣಕ್ಕೆ ಕಾರು ಇಲ್ಲ ಎನ್ನುವಂತಿಲ್ಲ, ಹೆಚ್ಚುವರಿ ಹಣ ಕೇಳಬಹುದಷ್ಟೆ. ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿಗಳು 21 ಎಂದು ಗೆರೆ ಎಳೆದಿವೆ.

ಅಮ್ಮಾ, ನಿಮಗೆ ಹೇಳಬೇಕಾದದ್ದು ಕಾರ್ಡಿನ ವಿಷಯ. ಕಾರು ಕೊಡುವ ಮೊದಲು ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡನ್ನು ಬಹಳ ಕಡೆ ಒಪ್ಪುವುದಿಲ್ಲ, ನಾವು ಇಲ್ಲಿಂದ ಹಣ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡನ್ನು ಇದಕ್ಕೆ ನಂಬುವಂತೆಯೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮಂಥವರ ಕ್ರೆಡಿಟ್ ಕಾರ್ಡಿನ ಮಿತಿ ಎಷ್ಟಿರುತ್ತದೆ ನಿಮಗೇ ಗೊತ್ತು. ನನ್ನ ಮಿತಿ ಸಾಲದೆ ಕಾರು ಕೊಡುವ ಮೇಜಿನ ಮುಂದೆ ಒಂದು ಗಂಟೆ ನಿಂತಿದ್ದೆ. ಕೊನೆಗೆ ಅಪ್ಪ ಮುಖ್ಯ ಚಾಲಕರಾದರು, ನಾನು ಹೆಚ್ಚುವರಿ ಚಾಲಕಿಯಾದೆ. ಹೆಚ್ಚುವರಿ ಹೆಸರಿಗೂ ವಯಸ್ಸಿನ ಶುಲ್ಕ ತಪ್ಪುವುದಿಲ್ಲ. ಹಾಗೆ ಮಾಡುವುದಾದರೆ ಅಪ್ಪನವರು ಲೈಸೆನ್ಸ್ ಹಿಡಿದು ಮೇಜಿನ ಮುಂದೆ ಇರಲೇಬೇಕು.

ಅಪ್ಪನವರ ಲೈಸೆನ್ಸನ್ನು ಈಗಲೇ ತೆಗೆದು ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿ. ನಮ್ಮಪ್ಪನ ಲೈಸೆನ್ಸಿನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಜ್ಜನ ಹೆಸರು, ಅಡ್ಡಹೆಸರು ಎಲ್ಲ ಪೂರ್ತಿ. ನಮ್ಮ ಕಡೆ ಇದು ಮನೆಮನೆಯ ಕಥೆ. ಮೇಜಿನ ಹಿಂದಿದ್ದ ಹುಡುಗಿಗೆ ಎರಡೂ ಒಬ್ಬರದೇ ಎಂದು ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ಮೊಬೈಲಿನಲ್ಲಿರುವ ಡಿಜಿಲಾಕರ್ ಪ್ರತಿ ಅಲ್ಲಿ ನಡೆಯುವುದಿಲ್ಲ, ಕಾರ್ಡೇ ಕೈಯಲ್ಲಿರಬೇಕು.

ಒಂದು ಮಾತು ತಂಗಿಯ ಪರವಾಗಿ. ಶುಲ್ಕ ನೋಡಿ ಬೇಸರ ಮಾಡಿಕೊಳ್ಳಬೇಡಿ, ಅವಳ ಮುಂದೆ "ನಿನ್ನಿಂದ ಇಷ್ಟು ಖರ್ಚು" ಎನ್ನಬೇಡಿ. ನನಗೆ ಆ ಮಾತು ಹತ್ತು ದಿನವೂ ಕಿವಿಯಲ್ಲಿತ್ತು.

ಮಾಳಮಡ್ಡಿ · ಅಕ್ಟೋಬರ್ 7

ಎಲ್ಲರೂ ಕಾರು ಹೇಗೆ ಎಂದು ಹೇಳುತ್ತಿದ್ದೀರಿ. ನವೆಂಬರ್ ಕೊನೆ ಎಂಬುದನ್ನು ಯಾರೂ ಗಮನಿಸಿಲ್ಲ. ಇನ್ವರ್ನೆಸ್ ಕಡೆ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಆಸುಪಾಸು, ಮುಳುಗುವುದು ಮೂರೂಮುಕ್ಕಾಲಕ್ಕೆ. ನಾವು ಮಧ್ಯಾಹ್ನದ ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ಕತ್ತಲೆ. ಕತ್ತಲಲ್ಲಿ ಕಣ್ಣು ಕಾಣದ ಯಜಮಾನರು, ಮೊದಲ ಸಲ ಪರದೇಶದಲ್ಲಿ ಓಡಿಸುವ ಹುಡುಗಿ, ರಸ್ತೆಯ ಮೇಲೆ ಕಾಣದಂತೆ ಕೂರುವ ತೆಳು ಮಂಜುಗಡ್ಡೆ, ಮುಸ್ಸಂಜೆಗೆ ರಸ್ತೆಗೆ ಇಳಿಯುವ ಜಿಂಕೆಗಳು. ಇವನ್ನೆಲ್ಲ ಕೂಡಿಸಿ ನೋಡಿ.

ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ, ಅಲ್ಲಿಂದ ಮಾಲೇಗ್‌ವರೆಗೆ ರೈಲಿದೆ. ಗ್ಲೆನ್‌ಫಿನನ್ ಬಳಿ 21 ಕಮಾನುಗಳ ಸೇತುವೆಯ ಮೇಲೆ ಹೋಗುತ್ತದೆ, 1901ರಲ್ಲಿ ತೆರೆದ ದಾರಿ. ನಾವು ಗಂಡ ಹೆಂಡತಿ ಅದರಲ್ಲಿ ಹೋಗಿದ್ದೆವು. ಕಿಟಕಿಯ ಪಕ್ಕ ಕುಳಿತು ಇಬ್ಬರೂ ಒಂದೇ ಕಡೆ ನೋಡಬಹುದು. ಕಾರಿನಲ್ಲಿ ಓಡಿಸುವವರಿಗೆ ಬೆಟ್ಟವೂ ಇಲ್ಲ, ಕೆರೆಯೂ ಇಲ್ಲ, ರಸ್ತೆ ಮಾತ್ರ. ನನ್ನ ಸ್ಪಷ್ಟ ಅಭಿಪ್ರಾಯ, ಕಾರು ಬೇಡ.

ವಿದ್ಯಾನಗರ, ಹುಬ್ಬಳ್ಳಿ · ಅಕ್ಟೋಬರ್ 7

ಹಗಲಿನ ಮಾತು ನನಗೆ ಹೊಳೆಯಲೇ ಇಲ್ಲ, ನಿಮಗೆ ಧನ್ಯವಾದ. ಪೂರ್ತಿ ಬೇಡ ಎನ್ನಲಾರೆ, ಸ್ಕೈ ಒಳಗೆ ಚಳಿಗಾಲದಲ್ಲಿ ಬಸ್ಸುಗಳು ವಿರಳ. ಆದರೆ ಎಡಿನ್‌ಬರೋದಿಂದ ಕಾರು ಬೇಡ. ಇನ್ವರ್ನೆಸ್‌ವರೆಗೆ ರೈಲಿನಲ್ಲಿ ಹೋಗಿ, ಮೂರೂವರೆ ಗಂಟೆಯ ದಾರಿ. ಅಲ್ಲಿ ಮೂರು ದಿನಕ್ಕೆ ಕಾರು ತೆಗೆದುಕೊಳ್ಳಿ. ದೊಡ್ಡ ಊರಿನ ಗಲಾಟೆ ತಪ್ಪುತ್ತದೆ. ವಯಸ್ಸಿನ ಶುಲ್ಕವೂ ಏಳು ದಿನದ ಬದಲು ಮೂರು ದಿನಕ್ಕೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮೂರೂವರೆಯ ಒಳಗೆ ತಂಗುವ ಮನೆ ಸೇರಬೇಕು ಎಂಬ ಕಟ್ಟುನಿಟ್ಟು ಇರಲಿ.

ವಿಮೆಯಲ್ಲಿ ಎಕ್ಸೆಸ್ ಎಂಬ ಪದ ನೋಡಿ. ಹಾನಿಯಾದರೆ ಮೊದಲು ನಮ್ಮ ಜೇಬಿನಿಂದ ಹೋಗುವ ಪಾಲು ಅದು. ಬ್ರಿಟನ್ನಿನಲ್ಲಿ ಸಾವಿರ ಪೌಂಡ್ ದಾಟಿರುವುದು ಸಾಮಾನ್ಯ. ಅದನ್ನು ಶೂನ್ಯಕ್ಕೆ ಇಳಿಸಲು ಮೇಜಿನ ಬಳಿ ಪ್ರತ್ಯೇಕ ಹಣ ಕೇಳುತ್ತಾರೆ. ಟೈರು, ಗಾಜು, ಗಾಡಿಯ ತಳಭಾಗ ಸೇರಿದೆಯೇ ಎಂದು ಕೇಳಿಯೇ ಸಹಿ ಮಾಡಿ. ಹೊಸಬರು ಕೆಡಿಸುವುದು ಅವೇ ಮೂರನ್ನು.

ನಿವೃತ್ತ ಚಾಲಕ, ಉಣಕಲ್ · ಅಕ್ಟೋಬರ್ 8

ನಾನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ 31 ವರ್ಷ ದುಡಿದವನು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ ಇಳಿಸಿ ಏರಿಸಿದ್ದೇ ಹದಿಮೂರು ವರ್ಷ. ವಿದೇಶ ನೋಡಿಲ್ಲ. ಮೊಮ್ಮಗ ಇದನ್ನೆಲ್ಲ ಓದಿ ಹೇಳಿದ, ಸ್ಕಾಟ್ಲೆಂಡಿನ ಒಂಟಿ ರಸ್ತೆಗಳ ವಿಡಿಯೋ ತೋರಿಸಿದ. ನೋಡಿ ಸಂತೋಷವಾಯಿತು. ಒಂದೇ ಗಾಡಿ ಹಿಡಿಸುವ ರಸ್ತೆ, ನಡುನಡುವೆ ಪಕ್ಕಕ್ಕೆ ಸರಿದು ನಿಲ್ಲಲು ಜಾಗ. ಪಾಸಿಂಗ್ ಪ್ಲೇಸ್ ಎಂದು ಹಲಗೆ ಹಾಕಿದ್ದಾರೆ. ನಿಮ್ಮ ಎಡಕ್ಕೆ ಆ ಜಾಗ ಬಂದರೆ ನೀವು ಸರಿದು ನಿಲ್ಲಬೇಕು. ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು, ಎದುರಿನವರು ಅದರೊಳಗೆ ಸರಿಯಲು ಬಿಡಬೇಕು. ಬಲಕ್ಕೆ ನುಗ್ಗಬಾರದು. ಏರಿ ಬರುವ ಗಾಡಿಗೆ ಮೊದಲು ದಾರಿ. ಇದು ನಮ್ಮ ಘಟ್ಟದ ನಿಯಮವೇ, ಅಲ್ಲಿಯ ಪುಸ್ತಕದಲ್ಲೂ ಹಾಗೆಯೇ ಇದೆಯಂತೆ.

ತಾಯಿ, ನಿಮ್ಮ ಮಗಳು ಹುಬ್ಬಳ್ಳಿ ಧಾರವಾಡದ ಅಗಲ ರಸ್ತೆಯಲ್ಲಿ ಓಡಿಸಿದ್ದು ಒಳ್ಳೆಯದು, ಆದರೆ ಅದು ಈ ಕೆಲಸಕ್ಕೆ ಸಾಲದು. ಇನ್ನೂ ಒಂದೂವರೆ ತಿಂಗಳಿದೆ. ಭಾನುವಾರ ಬೆಳಿಗ್ಗೆ ಹಳಿಯಾಳ ರಸ್ತೆಯಿಂದ ಒಳಗೆ ಹಳ್ಳಿಗಳ ಕಡೆ ಇಳಿಸಿ. ಕಬ್ಬಿನ ಹಂಗಾಮು ಶುರುವಾಗುತ್ತದೆ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎದುರು ಬರುತ್ತವೆ. ಅವು ಹಿಂದೆ ಸರಿಯುವುದಿಲ್ಲ. ಇವಳೇ ಸರಿಯಬೇಕು. ಕುತ್ತಿಗೆ ತಿರುಗಿಸಿ ಒಮ್ಮೆ, ಕನ್ನಡಿ ನೋಡಿ ಒಮ್ಮೆ, ನೂರು ಹೆಜ್ಜೆ ನೇರವಾಗಿ ರಿವರ್ಸ್ ತೆಗೆಯುವುದು ಕೈಗೆ ಬರಬೇಕು. ಮುಂದಕ್ಕೆ ಓಡಿಸಲು ಎಲ್ಲರಿಗೂ ಬರುತ್ತದೆ. ಚಾಲಕ ಯಾರೆಂದು ತಿಳಿಯುವುದು ಹಿಂದಕ್ಕೆ ತೆಗೆಯುವಾಗ.

ವಿದ್ಯಾನಗರ, ಹುಬ್ಬಳ್ಳಿ · ಅಕ್ಟೋಬರ್ 8

ಕಾಕಾ, ನೀವು ಹೇಳಿದ್ದರ ಪಕ್ಕಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಹೆದ್ದಾರಿಯಲ್ಲಿ ಎದುರಿನವರು ಡಿಪ್ಪರ್ ಹೊಡೆದರೆ "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂದರ್ಥ. ಅಲ್ಲಿಯ ನಿಯಮ ಪುಸ್ತಕದಲ್ಲಿ ನಾನಿದ್ದೇನೆ ಎಂದು ತಿಳಿಸಲು ಮಾತ್ರ ಬೆಳಕು ಮಿಣುಕಿಸಬೇಕು ಎಂದಿದೆ. ರೂಢಿಯಲ್ಲಿ ಮಾತ್ರ ಜನ "ನೀವು ಮೊದಲು ಹೋಗಿ" ಎನ್ನಲು ಬಳಸುತ್ತಾರೆ. ನಮ್ಮ ಅಭ್ಯಾಸದಂತೆ ಮಿಣುಕಿಸಿಕೊಂಡು ನುಗ್ಗಿದರೆ ಎದುರಿನವರೂ ನುಗ್ಗುತ್ತಾರೆ. ಮೊದಲ ತಿಂಗಳಲ್ಲಿ ನಾನು ಹೀಗೆಯೇ ಕೂದಲೆಳೆಯಲ್ಲಿ ಉಳಿದವನು.

ವೃತ್ತಗಳಲ್ಲಿ ಬಲದಿಂದ ಬರುವ ಗಾಡಿಗೆ ದಾರಿ ಬಿಟ್ಟು ಒಳಗೆ ಹೋಗಬೇಕು. ಚನ್ನಮ್ಮ ವೃತ್ತದಲ್ಲಿ ಕಲಿತದ್ದನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಹೋಗಬೇಕು. ವೇಗದ ಹಲಗೆಗಳು ಮೈಲಿಯಲ್ಲಿವೆ, 60 ಎಂದರೆ ನಮ್ಮ ಲೆಕ್ಕದಲ್ಲಿ 96 ಕಿಲೋಮೀಟರ್ ದಾಟುತ್ತದೆ. ಅದು ಮಿತಿ ಮಾತ್ರ, ಅಷ್ಟು ವೇಗದಲ್ಲಿ ಹೋಗಲೇಬೇಕೆಂದಲ್ಲ. ಹಿಂದಿನವರಿಗೆ ಅವಸರವಿದ್ದರೆ ಪಾಸಿಂಗ್ ಪ್ಲೇಸಿಗೆ ಸರಿದು ಅವರನ್ನು ಮುಂದೆ ಬಿಟ್ಟರೆ ಮುಗಿಯಿತು. ಪೆಟ್ರೋಲ್ ಪಂಪಿನಲ್ಲಿ ಹಸಿರು ಹಿಡಿಕೆ ಪೆಟ್ರೋಲಿನದ್ದು, ಕಪ್ಪು ಡೀಸೆಲಿನದ್ದು. ನಾವೇ ತುಂಬಿಸಿಕೊಳ್ಳಬೇಕು.

ನಿಮಗೆ ಅನುಕೂಲವಾಗಿರುವುದು ಒಂದೇ, ಅಲ್ಲಿಯೂ ಎಡಬದಿಯ ಸಂಚಾರ. ಸ್ಟೀರಿಂಗ್ ಬಲಕ್ಕೆ, ಗೇರು ಎಡಗೈಗೆ. ಮೊದಲ ಸಲ ವಿದೇಶದಲ್ಲಿ ಓಡಿಸುವ ಹುಡುಗಿಗೆ ಇದಕ್ಕಿಂತ ದೊಡ್ಡ ಬಲ ಇಲ್ಲ. ಜರ್ಮನಿಯೋ ಅಮೆರಿಕವೋ ಆಗಿದ್ದರೆ ನಾನೂ ಮಾಳಮಡ್ಡಿಯವರ ಪಕ್ಷವೇ ಆಗುತ್ತಿದ್ದೆ.

ಸಪ್ತಾಪುರದ ಅಮ್ಮ · ಅಕ್ಟೋಬರ್ 9

ಅಂತರರಾಷ್ಟ್ರೀಯ ಲೈಸೆನ್ಸ್ ಬೇಕೇ? ಆನ್‌ಲೈನಿನಲ್ಲಿ ಒಂದು ಜಾಲತಾಣ ಎರಡು ಗಂಟೆಯಲ್ಲಿ ಕೊಡುತ್ತೇವೆ ಎನ್ನುತ್ತಿದೆ.

ನವನಗರ · ಅಕ್ಟೋಬರ್ 9

ಆ ಜಾಲತಾಣವನ್ನು ಮುಚ್ಚಿ, ಅಕ್ಕಾ. ಭಾರತದಲ್ಲಿ ಐಡಿಪಿ, ಅಂದರೆ ನೀವು ಕೇಳಿದ ಅಂತರರಾಷ್ಟ್ರೀಯ ಲೈಸೆನ್ಸ್, ಕೊಡುವ ಅಧಿಕಾರ ಆರ್‌ಟಿಒ ಕಚೇರಿಯದ್ದು. ನಾನು ಜಪಾನಿಗೆ ಹೋಗುವಾಗ ಮಾಡಿಸಿದ್ದೆ. ಸರ್ಕಾರದ ಸಾರಥಿ ಜಾಲತಾಣದಲ್ಲಿ ನಮೂನೆ 4ಎ ತುಂಬಬೇಕು, ಶುಲ್ಕ ಸಾವಿರ ರೂಪಾಯಿ, ಪಾಸ್‌ಪೋರ್ಟ್ ಮತ್ತು ಲೈಸೆನ್ಸ್ ಪ್ರತಿ ಬೇಕು. ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಲೈಸೆನ್ಸ್ ಅವಧಿ ಮುಗಿದರೆ ಅದೂ ಮುಗಿಯುತ್ತದೆ. ಮಗಳು ಕೆಎ-25ರವಳಾದರೆ ಧಾರವಾಡದಲ್ಲೇ ಆಗುತ್ತದೆ. ಐಡಿಪಿ ಒಂದೇ ಇದ್ದರೆ ಪ್ರಯೋಜನವಿಲ್ಲ, ಮೂಲ ಲೈಸೆನ್ಸ್ ಜೊತೆಗಿರಬೇಕು. ನಮ್ಮ ಐಡಿಪಿ ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ್ದು, ಜಪಾನಿನಲ್ಲಿ ಅದಿಲ್ಲದೆ ಕಾರು ಮುಟ್ಟಲು ಬಿಡುವುದಿಲ್ಲ. ಬ್ರಿಟನ್ನಿನ ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ನಮ್ಮ ಲೈಸೆನ್ಸ್ ಇಂಗ್ಲಿಷಿನಲ್ಲಿಯೇ ಇದೆಯಲ್ಲ. ಆದರೆ ಕಂಪನಿಯ ಷರತ್ತಿನಲ್ಲಿ ಇದ್ದರೆ ತೋರಿಸಲೇಬೇಕು. ಸಾವಿರ ರೂಪಾಯಿಗೆ ನೋಡದೆ ಇಬ್ಬರಿಗೂ ಮಾಡಿಸಿ.

ಸಪ್ತಾಪುರದ ಅಮ್ಮ · ಅಕ್ಟೋಬರ್ 19

ತೀರ್ಮಾನ ತಿಳಿಸುತ್ತೇನೆ. ಇನ್ವರ್ನೆಸ್‌ವರೆಗೆ ರೈಲು. ಅಲ್ಲಿಂದ ಮೂರು ದಿನ ಕಾರು. ಯಜಮಾನರು ಮುಖ್ಯ ಚಾಲಕರು, ಮಗಳು ಹೆಚ್ಚುವರಿ ಚಾಲಕಿ. ಆ ಶಾಖೆಗೆ ಪತ್ರ ಬರೆದು ಕೇಳಿದೆವು, 22ಕ್ಕೆ ಚಿಕ್ಕ ಕಾರು ಕೊಡುತ್ತೇವೆ, ವಯಸ್ಸಿನ ಶುಲ್ಕ ದಿನಕ್ಕೆ 34 ಪೌಂಡ್ ಎಂದು ಉತ್ತರ ಬಂದಿದೆ. ಆ ಉತ್ತರವನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಮೂರು ದಿನಕ್ಕೆ 102 ಪೌಂಡ್. ದೊಡ್ಡ ಮೊತ್ತವೇ, ಆದರೆ ಹಾವೇರಿಯ ತಂಗಿ ಹೇಳಿದ್ದು ನೆನಪಿದೆ, ಮನೆಯಲ್ಲಿ ಆ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಿಲ್ಲ.

ಮಗನಿಗೆ ಓಡಿಸುವಂತಿಲ್ಲ ಎಂದು ಹೇಳಿದಾಗ ಸ್ವಲ್ಪ ಮುನಿಸಿಕೊಂಡ. ಅಲ್ಲಿಯ ಸರ್ಕಾರದ ಪುಟವನ್ನು ತಾನೇ ಓದಿದ ಮೇಲೆ ಸುಮ್ಮನಾದ. ನಕ್ಷೆ ಅವನ ಪಾಲು.

ಎರಡು ಭಾನುವಾರ ಹಳಿಯಾಳ ರಸ್ತೆ ಆಯಿತು. ಕಬ್ಬಿನ ಗಾಡಿಗಳು ಇನ್ನೂ ಕಡಿಮೆ.

ಸಪ್ತಾಪುರದ ಅಮ್ಮ · ಡಿಸೆಂಬರ್ 11

ಹೋಗಿ ಬಂದೆವು. ಎಲ್ಲರೂ ಕ್ಷೇಮ. ಘಟಿಕೋತ್ಸವದ ಸಂಭ್ರಮ ಬೇರೆಯೇ ಬರೆಯಬೇಕು, ಇಲ್ಲಿ ಕಾರಿನ ಕಥೆ ಮಾತ್ರ.

ಇನ್ವರ್ನೆಸ್‌ನ ಮೇಜಿನ ಬಳಿ ಅರ್ಧ ಗಂಟೆ ಹಿಡಿಯಿತು. ಇಬ್ಬರ ಲೈಸೆನ್ಸ್, ಪಾಸ್‌ಪೋರ್ಟ್, ಯಜಮಾನರ ಕಾರ್ಡ್. ಐಡಿಪಿ ಪುಸ್ತಕವನ್ನು ತಿರುವಿ ನೋಡಿ ಮರಳಿ ಕೊಟ್ಟರು. ಒಪ್ಪಂದದ ಹಾಳೆಯಲ್ಲಿ ಮಗಳ ಹೆಸರು ಎರಡನೆಯ ಸಾಲಿನಲ್ಲಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು ಅದರ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟಿಗೆ ಹೋಲಿಸಿದರು. ಆಮೇಲೆ ಕೀಲಿಯನ್ನು ಅವಳ ಅಂಗೈಯಲ್ಲಿ ಇಟ್ಟರು. ಗದಗದ ಅಣ್ಣನವರ ನೆನಪಾಯಿತು.

ಕಾರಿನ ಸುತ್ತ ಮಗ ವಿಡಿಯೋ ಮಾಡಿದ. ಮುಂದಿನ ಎಡ ಚಕ್ರದ ಬಿಲ್ಲೆಯ ಮೇಲೆ ಹಳೆಯ ಗೀರು ಇತ್ತು, ಅವರ ಹಾಳೆಯಲ್ಲಿ ಇರಲಿಲ್ಲ. ಕರೆದು ಬರೆಸಿದೆವು. ಮರಳಿಸುವಾಗ ಕಂಪನಿಯ ಹುಡುಗ ನೇರ ಹೋಗಿ ಅದೇ ಚಕ್ರದ ಮುಂದೆ ಕುಳಿತ. ಬರೆಸದಿದ್ದರೆ ನಮ್ಮ ತಲೆಗೆ ಬರುತ್ತಿತ್ತು.

ಮೊದಲ ದಿನ ಲಾಕ್ ನೆಸ್ ಸರೋವರದ ಪಕ್ಕದ ಎ82 ರಸ್ತೆ ಹಿಡಿದು, ಎ87ಕ್ಕೆ ತಿರುಗಿ, ಐಲಿಯನ್ ಡೋನನ್ ಕೋಟೆ ನೋಡಿ ಸ್ಕೈ ಸೇತುವೆ ದಾಟಿದೆವು. ಅಷ್ಟು ಉದ್ದದ ಸೇತುವೆಗೆ ಟೋಲ್ ಇಲ್ಲ, 2004ರಲ್ಲೇ ತೆಗೆದಿದ್ದಾರಂತೆ. ಹಗಲಿನಲ್ಲಿ ಯಜಮಾನರು ಒಂದು ಗಂಟೆ ಓಡಿಸಿದರು, ಉಳಿದದ್ದೆಲ್ಲ ಅವಳೇ. ಎಷ್ಟೇ ಲೆಕ್ಕ ಹಾಕಿದರೂ ಆ ದಿನ ತಂಗುವ ಮನೆ ಸೇರುವಾಗ ನಾಲ್ಕೂವರೆ, ಕೊನೆಯ ಮುಕ್ಕಾಲು ಗಂಟೆ ಪೂರಾ ಕತ್ತಲೆ, ಮಳೆ. ಮಾಳಮಡ್ಡಿಯವರು ಹೇಳಿದ್ದು ಅಕ್ಷರಶಃ ನಿಜ. ಮರುದಿನದಿಂದ ಎರಡು ಜಾಗ ಕೈಬಿಟ್ಟು ಬೇಗ ತಿರುಗಿದೆವು.

ಎರಡನೆಯ ದಿನ ಫೇರಿ ಪೂಲ್ಸ್ ಎಂಬ ಕೊಳಗಳನ್ನು ನೋಡಲು ಗ್ಲೆನ್‌ಬ್ರಿಟಲ್ ಕಡೆ ಹೋದೆವು, ಒಂಟಿ ರಸ್ತೆ. ಮರಳಿ ಬರುವಾಗ ತಿರುವಿನಲ್ಲಿ ಎದುರಿಗೆ ಒಂದು ವ್ಯಾನು, ಅದರ ಹಿಂದೆ ಇನ್ನೆರಡು ಕಾರು, ಏರಿ ಬರುತ್ತಿದ್ದವು. ನಾವು ಇಳಿಯುತ್ತಿದ್ದೆವು. ಪಾಸಿಂಗ್ ಪ್ಲೇಸ್ ನಮ್ಮ ಹಿಂದೆ ಉಳಿದಿತ್ತು. ಮುಂದಿನ ಸೀಟಿನಲ್ಲಿದ್ದ ಯಜಮಾನರು ಏನೋ ಹೇಳಲು ಬಾಯಿ ತೆರೆದು, ಹೇಳದೆ, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡರು. ಅವಳು ಒಮ್ಮೆ ತಿರುಗಿ ನೋಡಿದಳು, ರಿವರ್ಸ್ ಗೇರ್ ಹಾಕಿದಳು. ಕಾರು ನಿಧಾನ ಹಿಂದಕ್ಕೆ ಏರಿ ಆ ಜಾಗದಲ್ಲಿ ಒಂದೇ ಸಲಕ್ಕೆ ನಿಂತಿತು. ವ್ಯಾನಿನವರು ಕೈ ಎತ್ತಿ ಹೋದರು. ಹಿಂದಿನ ಎರಡು ಕಾರಿನವರೂ ಕೈ ಎತ್ತಿದರು, ಅವಳೂ ಎತ್ತಿದಳು.

ಏಲಕ್ಕಿ ಹಾರ, ಹಾವೇರಿ · ಡಿಸೆಂಬರ್ 11

ಅಮ್ಮಾ, ಓದಿ ಕಣ್ಣು ತುಂಬಿತು. ತಡೆಹಿಡಿದ ಹಣ ಬಂತೇ?

ಸಪ್ತಾಪುರದ ಅಮ್ಮ · ಡಿಸೆಂಬರ್ 12

ಬಂತು ತಂಗಿ, ಕಾರು ಮರಳಿಸಿದ ಎಂಟನೆಯ ದಿನ. ಪೆಟ್ರೋಲ್ ಪೂರ್ತಿ ತುಂಬಿಸಿಯೇ ಕೊಟ್ಟಿದ್ದೆವು, ಚೀಟಿ ಇಟ್ಟುಕೊಂಡಿದ್ದೇವೆ. ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದ್ದರೆ ದಂಡದ ಚೀಟಿ ತಡವಾಗಿ ಬರುತ್ತದಂತೆ, ಕಂಪನಿಯವರು ಅದಕ್ಕೆ ತಮ್ಮ ಶುಲ್ಕವನ್ನೂ ಸೇರಿಸುತ್ತಾರಂತೆ. ಇದುವರೆಗೆ ಬಂದಿಲ್ಲ.

ನಿವೃತ್ತ ಚಾಲಕ, ಉಣಕಲ್ · ಡಿಸೆಂಬರ್ 12

ತಾಯಿ, ರಿವರ್ಸ್ ಎಷ್ಟು ದೂರ ತೆಗೆದಳು? ಪಕ್ಕಕ್ಕೆ ಏನಿತ್ತು?

ಸಪ್ತಾಪುರದ ಅಮ್ಮ · ಡಿಸೆಂಬರ್ 12

ಎಂಬತ್ತು ಹೆಜ್ಜೆ ಇದ್ದೀತು, ಕಾಕಾ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹಳ್ಳ, ನಡುವೆ ತಡೆಗೋಡೆ ಇರಲಿಲ್ಲ. ಅರ್ಧ ದಾರಿ ಕುತ್ತಿಗೆ ತಿರುಗಿಸಿ, ಇನ್ನರ್ಧ ಕನ್ನಡಿಯಲ್ಲಿ. ನೀವು ಹೇಳಿದ ಹಾಗೆಯೇ.